ಹೃದಯ ಆಕೆಯದು, ಪಥ್ಯ ಮನೆಯವರದು

ನಗೆಹನಿಗಳನ್ನು ನಾನು ಹುಡುಕಿಕೊಂಡು ಹೋಗುವವನಲ್ಲ. ಅವೇ ನನ್ನ ಹೊರರೋಗಿ ವಿಭಾಗದ ಬಾಗಿಲು ತಳ್ಳಿಕೊಂಡು, ಚಪ್ಪಲಿ ಹೊರಗೆ ಬಿಟ್ಟು, ‘ಬರ್ಲೇನ್ರಿ ಸಾಹೇಬ್ರ’ ಎಂದು ಒಳಗೆ ಬರುತ್ತವೆ.

ನಾನು ಹೃದಯದ ಡಾಕ್ಟರು. ಕೊಪ್ಪಳದ ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಹೆಣ್ಣುಮಕ್ಕಳ ಹೃದಯವನ್ನು ಮಾತ್ರ ನೋಡುತ್ತೇನೆ. ಇನ್ನೊಂದು ದಿನ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಸರದಿಯ ಮೇಲೆ ಹೋಗುತ್ತೇನೆ. ಹೆಣ್ಣುಮಕ್ಕಳಿಗೇ ಬೇರೆ ದಿನ ಯಾಕೆ ಎಂದು ಕೇಳುವವರುಂಟು. ಗಂಡಸಿಗೆ ಎದೆ ನೋವು ಬಂದರೆ ಅರ್ಧ ಊರು ಟೆಂಪೋ ಹತ್ತಿ ಬರುತ್ತದೆ. ಹೆಂಗಸಿಗೆ ಬಂದರೆ ಅದು ಎದೆಗೇ ಬರಬೇಕೆಂದಿಲ್ಲ. ದವಡೆಗೆ ಬರಬಹುದು, ಬೆನ್ನಿಗೆ ಬರಬಹುದು, ಬರೀ ಸುಸ್ತಾಗಿಯೂ ಬರಬಹುದು. ಆಕೆ ಅದಕ್ಕೆ ಗ್ಯಾಸು ಎಂದು ಹೆಸರಿಟ್ಟು, ಒಂದು ಸೋಡಾ ಕುಡಿದು ರೊಟ್ಟಿ ಬಡಿಯಲು ಕೂರುತ್ತಾಳೆ. ನಮ್ಮ ಹತ್ತಿರ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಅದಕ್ಕೇ ಬೇರೆ ದಿನ.

ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್ಮಿನಲ್ಲಿ. ನನ್ನ ಪುಸ್ತಕಗಳ ರೋಗಿ ಎಲ್ಲಿ ನೋವು, ಎಷ್ಟು ಹೊತ್ತು, ಯಾವ ಕಡೆ ಹರಿಯುತ್ತದೆ ಎಂದು ಸಾಕ್ಷಿ ಹೇಳುವವನಂತೆ ಕ್ರಮವಾಗಿ ಹೇಳುತ್ತಾನೆ. ಇಲ್ಲಿ ‘ಒಂಥರಾ ಆಗತೈತ್ರಿ’ ಎಂಬುದರಲ್ಲಿ ಎಲ್ಲ ಮುಗಿಯುತ್ತದೆ. ಆದ್ದರಿಂದ ನಾನು ಕೆಲವು ನಿಯಮ ಮಾಡಿದ್ದೇನೆ. ನಿಯಮ ನನ್ನವು, ಅವನ್ನು ಜನ ತಡೆದುಕೊಳ್ಳುವ ಹಾಗೆ ಹೇಳುವ ಕೆಲಸ ನಮ್ಮ ಸಿಸ್ಟರದು. ಅವರು ಕುಕನೂರಿನವರು.

೧. ನೋವು ಎಲ್ಲಿ?

ಕುಷ್ಟಗಿಗೆ ಹೋದ ದಿನ ಹನುಮಸಾಗರದ ಕಡೆಯ ಗಂಡ ಹೆಂಡತಿ ಬಂದರು. ಐವತ್ತು ದಾಟಿದವರು, ಒಕ್ಕಲುತನದ ಮನೆ. ಗಂಡ ನೇರವಾಗಿ ಬಂದು ಸ್ಟೂಲಿನ ಮೇಲೆ ಕುಳಿತ. ಹೆಂಡತಿ ಕೈಚೀಲ ಹಿಡಿದು ಗೋಡೆಗೆ ನಿಂತಳು. ಕೈ ಕೊಡಿ ಎಂದೆ, ಆತ ಕೊಟ್ಟ. ಬಿ.ಪಿ. ಪಟ್ಟಿ ಸುತ್ತಿ ಗಾಳಿ ತುಂಬಿದ ಮೇಲೆ ಆತ ಹೇಳಿದ:

“ನಂಗೇನೂ ಆಗಿಲ್ರಿ. ಆರಾಮಿಲ್ದಾಕಿ ಇಕಿ.”

“ಮತ್ತೆ ನೀವು ಕೈ ಯಾಕೆ ಕೊಟ್ಟಿರಿ?”

“ನೀವು ಕೇಳಿದ್ರಿ, ಕೊಟ್ನಿ.”

ಆಕೆಯನ್ನು ಕೂರಿಸಿ ಪ್ರಶ್ನೆ ಕೇಳಿದರೆ ಉತ್ತರ ಹಿಂದಿನಿಂದ ಗಂಡನದೇ ಬರತೊಡಗಿತು. ಊಟ ಹೇಗೆ? “ಛಲೋ ಮಾಡ್ತಾಳ್ರಿ.” ಸುಸ್ತು? “ಐತ್ರಿ, ಭಾಳೇನಿಲ್ಲ.” ನಿದ್ದೆ? “ರಾತ್ರಿ ಪೂರ್ತಿ ಮಾಡ್ತಾಳ್ರಿ.”

“ನಿಮಗೆ ಹೇಗೆ ಗೊತ್ತು? ನಡುರಾತ್ರಿ ಎದ್ದು ನೋಡಿದ್ದೀರಾ?”

“ನಾ ಯಾಕ ಏಳ್ಲಿರಿ? ನಂಗ ಛಲೋ ನಿದ್ದಿ ಹತ್ತತೈತಿ.”

ರೋಗಿಯ ಮಾತನ್ನು ರೋಗಿಯೇ ಆಡಬೇಕು ಎಂಬುದು ನನ್ನ ಮೊದಲ ನಿಯಮ. ಆತನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಸಿದೆ. “ಈಗ ನೀವೇ ಹೇಳಿ. ನೋವು ಎಲ್ಲಿ?”

ಆಕೆ ಬಹಳ ಹೊತ್ತು ಯೋಚಿಸಿದಳು. ನನ್ನ ಮುಖ ನೋಡಿದಳು, ಸಿಸ್ಟರ ಮುಖ ನೋಡಿದಳು. ಎದ್ದು ಹೋಗಿ ಬಾಗಿಲನ್ನು ಸ್ವಲ್ಪವೇ ತೆರೆದು ಕೇಳಿದಳು:

“ಏನ್ರೀ, ನಂಗ ಎಲ್ಲಿ ನೋಯ್ತೈತಿ ಅಂತ ಹೇಳೀರಿ ಇವ್ರಿಗೆ?”

೨. ನಡೆದರೂ ಮುಗಿಯದ ದಾರಿ

ಬಾಗಿಲು ಎರಡನೆಯ ಸಲ ಹಾಕಿದ ಮೇಲೆ ಆಕೆ ಸರಿಯಾಗಿಯೇ ಹೇಳಿದಳು. ಹೊಲದಿಂದ ಮೇವಿನ ಹೊರೆ ಹೊತ್ತು ಬರುವಾಗ ದವಡೆ ಹಿಡಿಯುತ್ತದೆ, ಬೆನ್ನಿನ ನಡುವೆ ಯಾರೋ ಗುದ್ದಿದಂತಾಗುತ್ತದೆ, ಕೂತರೆ ಹೋಗುತ್ತದೆ. ನನಗೆ ಅಷ್ಟು ಸಾಕಾಗಿತ್ತು. ಹೃದಯಕ್ಕೆ ರಕ್ತ ಒಯ್ಯುವ ನಾಳ ಕಿರಿದಾಗಿರುವ ಅನುಮಾನ. ಅದು ಪೂರ್ತಿ ಮುಚ್ಚುವ ಮೊದಲು ನಾವು ಅಲ್ಲಿಗೆ ತಲುಪಬೇಕು. ಟ್ರೆಡ್‌ಮಿಲ್ ಪರೀಕ್ಷೆಗೆ ಕೊಪ್ಪಳಕ್ಕೆ ಬನ್ನಿ ಎಂದೆ. ಬಂದಳು.

ಟ್ರೆಡ್‌ಮಿಲ್ ಎಂದರೆ ಕಾಲ ಕೆಳಗೆ ಪಟ್ಟಿ ಓಡುತ್ತದೆ, ರೋಗಿ ಅದರ ಮೇಲೆ ನಡೆಯಬೇಕು, ಎದೆಗೆ ಅಂಟಿಸಿದ ತಂತಿಗಳು ಹೃದಯದ ಗೆರೆ ಬರೆಯುತ್ತಿರುತ್ತವೆ. ಆಕೆ ಚಪ್ಪಲಿ ಬಿಟ್ಟು, ಯಂತ್ರಕ್ಕೆ ಕೈ ಮುಗಿದು ಹತ್ತಿದಳು. ಹತ್ತಿದವಳು ಹಿಂದೆ ತಿರುಗಿ ಕೈಚೀಲ ಕೇಳಿದಳು.

“ಚೀಲ ಯಾಕೆ?” ಎಂದೆ.

“ಬರಿಗೈಲೆ ನಡದು ರೂಢಿ ಇಲ್ರಿ.”

ಚೀಲ ಕೊಡಲಿಲ್ಲ. ಮುಂದಿನ ಹಿಡಿಕೆ ಹಿಡಿಯಿರಿ ಎಂದೆ. ಪಟ್ಟಿ ಓಡಿತು. ಯಂತ್ರದ ಮೂತಿ ಮೇಲೆದ್ದಾಗ “ಏರು ಬಂತ್ರಿ ಅಕ್ಕಾರ” ಎಂದು ಸಿಸ್ಟರಿಗೆ ವರದಿ ಕೊಟ್ಟಳು. ಇನ್ನೊಂದಿಷ್ಟು ನಡೆದ ಮೇಲೆ ಮಾತು ನಿಂತಿತು, ಕೈ ದವಡೆಗೆ ಹೋಯಿತು. ಗೆರೆಯೂ ನಾನು ಅಂಜಿದ ಹಾಗೇ ಬಾಗಿತು. ತಕ್ಷಣ ನಿಲ್ಲಿಸಿ, ನಾಲಗೆಯ ಕೆಳಗೆ ಗುಳಿಗೆ ಇಟ್ಟು ಮಲಗಿಸಿದೆವು.

ಚೇತರಿಸಿಕೊಂಡು ಎದ್ದು ಕೂತವಳು ಯಂತ್ರದ ಮುಂದನ್ನೂ ಹಿಂದನ್ನೂ ಬಗ್ಗಿ ನೋಡಿದಳು.

“ಸಾಹೇಬ್ರ, ಅಷ್ಟು ನಡದೆ. ಆದ್ರೂ ಇಲ್ಲೇ ಅದೀನಲ್ರಿ?”

“ಹೌದು. ಅದು ಇರುವುದೇ ಹಾಗೆ.”

“ಹಿಂಗಂತ ಮೊದಲ ಹೇಳಿದ್ರ ಇಷ್ಟು ದೂರ ಬರತಿದ್ದಿಲ್ರಿ. ಇದು ನಮ್ಮ ಮನ್ಯಾಗ ದಿನಾ ನಡಿತೈತಿ.”

೩. ಉಪ್ಪಿನ ನಿಯೋಗ

ಆಂಜಿಯೋಗ್ರಾಮ್ ಮಾಡಿ ನಾಳ ನೋಡಬೇಕು, ಬೇಕಾದರೆ ಅದೇ ಹೊತ್ತಿಗೆ ಸ್ಟೆಂಟ್ ಹಾಕಬೇಕು, ಬೇಗ ಬಂದು ಅಡ್ಮಿಟ್ ಆಗಿ ಎಂದು ಗಂಡನ ಎದುರಿಗೇ ಹೇಳಿದೆ. ಅಲ್ಲಿಯವರೆಗೆ ಈ ಗುಳಿಗೆ, ಮತ್ತು ಉಪ್ಪು ಕಡಿಮೆ. ಉಪ್ಪಿನ ಮಾತನ್ನು ನಾನು ಸ್ವಲ್ಪ ಗಡುಸಾಗಿಯೇ ಹೇಳುತ್ತೇನೆ. ಆಕೆ “ಆತ್ರಿ” ಎಂದಳು.

ಮುಂದಿನ ವಾರ ಹೆಣ್ಣುಮಕ್ಕಳ ಸಾಲಿನ ನಡುವೆ ಮೂವರು ಗಂಡಸರು ಕೂತಿದ್ದರು. ಆಕೆಯ ಗಂಡ, ಮೈದುನ, ಮತ್ತು ಕೋಲು ಹಿಡಿದ, ರುಮಾಲು ಸುತ್ತಿದ ಮಾವ. ಆಕೆ ಮಾತ್ರ ಇರಲಿಲ್ಲ. ಇವತ್ತು ಗಂಡಸರನ್ನು ನೋಡುವುದಿಲ್ಲ ಎಂದೆ. ಮಾವ ಕೋಲೂರಿ ಎದ್ದು ನಿಂತರು.

“ಸಾಹೇಬ್ರ, ನೀವು ನೋಡಬ್ಯಾಡ್ರಿ, ಬರೇ ಕೇಳ್ರಿ. ಹೃದಯ ಸೊಸೀದು. ಪಥ್ಯ ನಮಗ್ಯಾಕ?”

ಸಂಗತಿ ಇಷ್ಟು. ಮನೆಯಲ್ಲಿ ಒಲೆ ಒಂದು, ಗಡಿಗೆ ಒಂದು. ಆಕೆ ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದಳು. ಅಂದಿನಿಂದ ಬ್ಯಾಳಿ ಸಪ್ಪೆ, ಪಲ್ಯ ಸಪ್ಪೆ, ಮಜ್ಜಿಗೆಯೂ ಸಪ್ಪೆ.

“ತಾಟಿಗೆ ಮೇಲಿಂದ ಉಪ್ಪು ಹಾಕಿಕೊಳ್ಳಿ,” ಎಂದೆ.

ಮೂವರೂ ಮುಖ ಮುಖ ನೋಡಿಕೊಂಡರು. ಮೈದುನ ಸಣ್ಣ ದನಿಯಲ್ಲಿ ಹೇಳಿದ, “ಉಪ್ಪು ಎಲ್ಲಿರತೈತಿ ಅಂತ ಯಾರಿಗೂ ಗೊತ್ತಿಲ್ರಿ.”

“ಆಕೆಯನ್ನು ಕೇಳಿ.”

“ಕೇಳಿದ್ವ್ರಿ. ‘ಡಾಕ್ಟ್ರನ್ನ ಕೇಳ್ರಿ’ ಅಂದ್ಳು.”

ಬಂದವರನ್ನು ಸುಮ್ಮನೆ ಕಳಿಸಬಾರದೆಂದು ಸಿಸ್ಟರು ಮೂವರ ಬಿ.ಪಿ.ಯನ್ನೂ ನೋಡಿದರು. ಗಂಡನದು ಏರಿತ್ತು, ಮೈದುನನದು ಅದಕ್ಕಿಂತ ಏರಿತ್ತು. ಮುದುಕರದು ಮಾತ್ರ ಹುಡುಗರ ಹಾಗಿತ್ತು. ಅಣ್ಣತಮ್ಮಂದಿರಿಗೆ ಆಕೆಯ ಸಪ್ಪೆ ಅಡುಗೆಯೇ ಸರಿ, ಹಿರಿಯರು ಬೇಕಾದರೆ ಒಂದು ಚಿಟಿಕೆ ಉಪ್ಪು ಹಾಕಿಕೊಳ್ಳಬಹುದು ಎಂದು ತೀರ್ಪು ಕೊಟ್ಟೆ.

ಮಕ್ಕಳು ಹೊರಗೆ ನಡೆದರು. ಮುದುಕರು ಬಾಗಿಲಲ್ಲಿ ನಿಂತು ತಿರುಗಿದರು.

“ಹಂಗಾದ್ರ ನನ್ನ ಪಾಲಿನ ಚಿಟಿಕಿ ಎಲ್ಲಿ ಇಟ್ಟಾಳ ಅನ್ನೂದನ್ನೂ ಚೀಟ್ಯಾಗ ಬರಸ್ರಿ.”

೪. ಎದೆಯ ನಡುವಿನ ನೆರಳು

ಇಷ್ಟಾದರೂ ಆಕೆ ಅಡ್ಮಿಟ್ ಆಗಲು ಬರಲಿಲ್ಲ. ಸಿಸ್ಟರು ಫೋನ್ ಮಾಡಿದರೆ “ಮಗಳ ಬಾಣಂತನ ಮುಗೀಲ್ರಿ” ಎಂದಳು. ನಾನು ಗಂಗಾವತಿಗೆ ಹೊರಟೆ, ಮನಸ್ಸಿನಲ್ಲಿ ಆ ಬಾಗಿದ ಗೆರೆ ಇಟ್ಟುಕೊಂಡೇ.

ಗಂಗಾವತಿಯಲ್ಲಿ ಇನ್ನೊಂದು ಪಂಚಾಯ್ತಿ. ಎದೆಯ ಎಕ್ಸ್-ರೇಗೆ ಕೊರಳಲ್ಲಿ ಲೋಹ ಇರಬಾರದು; ಮುತ್ತೈದೆಯ ಕೊರಳು ಬರಿದಾಗಬಾರದು. ಭತ್ತದ ಗದ್ದೆ ನಾಟಿಗೆ ಹೋಗುವ ಒಬ್ಬ ಹೆಣ್ಣುಮಗಳು ತಾಳಿ ಮುಷ್ಟಿಯಲ್ಲಿ ಹಿಡಿದು, “ಅವ್ರು ಕೆಲಸಕ್ಕ ಹೋಗ್ಯಾರ. ಹಿಂದ ನಾ ಇದನ್ನ ತಗದ್ರ ಹೆಂಗ್ರಿ?” ಎಂದು ನಿಂತುಬಿಟ್ಟಳು. ಸಿಸ್ಟರು ಪರ್ಸಿನಿಂದ ಅರಿಶಿಣದ ಕೊಂಬು ಕಟ್ಟಿದ ಹಳದಿ ದಾರ ತೆಗೆದು ಆಕೆಯ ಕೊರಳಿಗೆ ಕಟ್ಟಿ, ತಾಳಿ ತೆಗೆಸಿದರು. ಎಕ್ಸ್-ರೇ ಆಯಿತು.

ಚಿತ್ರವನ್ನು ದೂರದ ಊರಿನ ತಜ್ಞರೊಬ್ಬರು ಕಂಪ್ಯೂಟರಿನಲ್ಲಿ ನೋಡಿ ವರದಿ ಕಳಿಸುತ್ತಾರೆ. ಸಂಜೆಯೊಳಗೆ ಬಂತು: ಎದೆಯ ನಡುವೆ ಬೆರಳಿನ ಆಕಾರದ ಮಸುಕು ನೆರಳು, ಏನೆಂದು ತಿಳಿಯುತ್ತಿಲ್ಲ, ಹೆಚ್ಚಿನ ತಪಾಸಣೆ ಅಗತ್ಯ.

ಅದು ಅರಿಶಿಣದ ಕೊಂಬು ಎಂದು ಉತ್ತರಿಸಿದೆ. ಅವರು ಗಾಬರಿಯಾಗಿ ಫೋನನ್ನೇ ಮಾಡಿದರು. “ಒಳಗೆ ಹೇಗೆ ಹೋಯಿತು? ಎಷ್ಟು ದಿನದಿಂದ ಇದೆ? ತೆಗೆಯಬೇಕಲ್ಲವೇ?”

“ಬೇಡ,” ಎಂದೆ. “ಗಂಡ ಇರುವವರೆಗೆ ಇದ್ದರೆ ತೊಂದರೆಯಿಲ್ಲ.”

೫. ಖಾಲಿ ಡಬ್ಬಿ

ಬಾಣಂತನ ಮುಗಿಯಿತು. ಹನುಮಸಾಗರದಾಕೆ ಈಗ “ಅಮಾಸಿ ಆಗಲ್ರಿ” ಎಂದಳು. ಅಮಾವಾಸ್ಯೆಯೂ ಆಯಿತು. “ಮೋಡ ಆಗೇತ್ರಿ” ಎಂದಳು. ಮೋಡಕ್ಕೂ ಸ್ಟೆಂಟಿಗೂ ಏನು ಸಂಬಂಧ ಎಂದು ಕೇಳಿದರೆ ಫೋನ್ ಕಟ್ಟಾಯಿತು. ನನಗೆ ಸಿಟ್ಟಿಗಿಂತ ಹೆದರಿಕೆ ಹೆಚ್ಚಾಗತೊಡಗಿತ್ತು.

ಆ ವಾರ ಯಲಬುರ್ಗಾ ಸರದಿ. ಅಲ್ಲಿಯ ಒಬ್ಬ ಅಜ್ಜಿಗೆ ಹಿಂದಿನ ಸಲ ಗುಳಿಗೆ ಡಬ್ಬಿ ಕೊಟ್ಟಿದ್ದೆವು. ವಾರದ ದಿನಕ್ಕೊಂದು ಮನೆ ಇರುವ ಪ್ಲಾಸ್ಟಿಕ್ ಡಬ್ಬಿ. ಅಂದಂದಿನ ಗುಳಿಗೆ ಅಂದಂದಿನ ಮನೆಯಲ್ಲಿ. ತರಲು ಹೇಳಿದ್ದೆ, ತಂದಿದ್ದಳು. ಸೋಮವಾರದ ಮುಚ್ಚಳ ತೆಗೆದೆ. ಶೇಂಗಾ ಚಟ್ನಿ. ಮಂಗಳವಾರ ಅಗಸಿ ಚಟ್ನಿ. ಬುಧವಾರ ಗುರೆಳ್ಳು, ಗುರುವಾರ ಪುಠಾಣಿ. ಶುಕ್ರವಾರಕ್ಕೆ ಬರುವಷ್ಟರಲ್ಲಿ ಕೋಣೆಯ ತುಂಬ ಬೆಳ್ಳುಳ್ಳಿಯ ಘಮ.

“ಅಜ್ಜಿ, ಇದೇನು?”

“ಕೊಟ್ಟವ್ರ ಡಬ್ಬಿ ಖಾಲಿ ಹೆಂಗ ತಿರುಗಿ ಕೊಡೂದ್ರಿ? ಮಂದಿ ಏನಂದಾರು?”

“ಅದು ತಿರುಗಿ ಕೊಡುವುದಕ್ಕಲ್ಲ, ಇಟ್ಟುಕೊಳ್ಳುವುದಕ್ಕೆ. ನಾನು ರೋಗಿಗಳಿಂದ ಏನನ್ನೂ ತೆಗೆದುಕೊಳ್ಳುವುದಿಲ್ಲ.”

“ನೀವು ತಗೋಬ್ಯಾಡ್ರಿ. ನಿಮ್ಮ ಡಬ್ಬಿ ನೀವು ತಗೋರಿ.”

“ಗುಳಿಗೆಗಳು ಎಲ್ಲಿ?”

“ಸಾಸಿವಿ ಡಬ್ಬ್ಯಾಗ ಅದಾವ್ರಿ.”

“ಸಾಸಿವೆಯ ಜೊತೆಗೆ? ಗುರುತು ಹೇಗೆ ಸಿಗುತ್ತದೆ?”

ಅಜ್ಜಿ ನನ್ನನ್ನು ಕರುಣೆಯಿಂದ ನೋಡಿದಳು. “ಸಾಸಿವಿ ಕರ್ರಗಿರ್ತಾವಲ್ರಿ.”

ನಾನು ಎರಡು ನಿಮಿಷ ಪಾಠ ಹೇಳಿದೆ. ಅಜ್ಜಿ ತಲೆಯಾಡಿಸುತ್ತ ಕೇಳಿ, ಕೊನೆಗೆ ಮೆಲ್ಲಗೆ ಸೇರಿಸಿದಳು: “ಎಲ್ಲಾದಕ್ಕೂ ಉಪ್ಪು ಕಡಿಮಿ ಹಾಕೀನ್ರಿ, ನೀವು ಹೇಳಿದಂಗ.”

ಸಿಸ್ಟರು ಡಬ್ಬಿ ಕೈಗೆತ್ತಿಕೊಂಡು ಗಂಭೀರವಾಗಿ ಕೇಳಿದರು, “ಯವ್ವಾ, ಇವನ್ನ ಊಟಕ್ಕ ಮೊದಲ ತಗೋಬೇಕೋ, ಊಟ ಆದಮ್ಯಾಲೋ?”

“ಊಟದ ಜೋಡೀನ ತಗೋರಿ ಅಕ್ಕಾರ. ಬಿಸಿ ರೊಟ್ಟಿಗೆ.”

೬. ಯಾವ ಸೀರೆ?

ಅಲ್ಲಿಂದ ನಾನು ಕೊಪ್ಪಳಕ್ಕೆ ಹೋಗಲಿಲ್ಲ. ಗಾಡಿಯನ್ನು ಹನುಮಸಾಗರದ ಕಡೆ ತಿರುಗಿಸಲು ಹೇಳಿದೆ. ಡಾಕ್ಟರು ರೋಗಿಯನ್ನು ಹುಡುಕಿಕೊಂಡು ಹೋಗುವುದು ನನ್ನ ಕ್ರಮವಲ್ಲ. ಆದರೆ ನಾಳ ಮುಚ್ಚುವುದಕ್ಕೆ ನನ್ನ ಕ್ರಮ ಗೊತ್ತಿಲ್ಲವಲ್ಲ.

ಆಕೆ ದನದ ಕೊಟ್ಟಿಗೆಯಲ್ಲಿ ಸಿಕ್ಕಳು. ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡಳು. ಯಾಕೆ ಬರುತ್ತಿಲ್ಲ ಎಂದು ಕೇಳಿದರೆ ಪಕ್ಕದ ಎಮ್ಮೆಯ ಕಡೆ ಬೆರಳು ಮಾಡಿದಳು.

“ಇಕೀನ ಕೇಳ್ರಿ.”

ಎಮ್ಮೆ ಈದು ಕೆಲವು ವಾರವಾಗಿತ್ತು. ಆಕೆಯೊಬ್ಬಳನ್ನು ಬಿಟ್ಟು ಬೇರೆ ಯಾರಿಗೂ ಹಾಲು ಕೊಡುತ್ತಿರಲಿಲ್ಲ. ಬಾಣಂತನ, ಅಮಾವಾಸ್ಯೆ, ಮೋಡ ಎಲ್ಲ ನೆಪ. ಎಮ್ಮೆಯ ಸಲುವಾಗಿ ಜೀವ ಬಿಡುತ್ತೇನೆ ಎಂದು ಇಂಗ್ಲಿಷ್ ಓದಿದ ಡಾಕ್ಟರಿಗೆ ಹೇಳಲು ನಾಚಿಕೆ.

“ಹಾಲು ಹಿಂಡದಿದ್ರ ಕೆಚ್ಚಲ ಬಾಯ್ತೈತ್ರಿ. ಮೂಕಪ್ರಾಣಿ, ಯಾರಿಗೆ ಹೇಳೀತು?”

“ನೀವು ಬಾಯಿದ್ದವರು, ನೀವೂ ಹೇಳಲಿಲ್ಲ. ನಿಮಗೆ ಹಾರ್ಟ್ ಅಟ್ಯಾಕ್ ಆಗಬಹುದು.”

“ಅದು ಆಗಬಹುದು ಅಂತೀರಿ. ಎಮ್ಮಿ ಒದಿಯೂದು ಖರೇನ ಐತ್ರಿ.”

ಖರೆ ಎನ್ನುವುದಕ್ಕೆ ಗಂಡ ಧೋತರ ಮೇಲೆತ್ತಿ ಮೊಣಕಾಲಿನ ಕೆಳಗಿನ ನೀಲಿ ಬಾವು ತೋರಿಸಿದ. ಹಿಂದಿನ ದಿನ ಹಿಂಡಲು ಕೂತಿದ್ದನಂತೆ. ಸಿಸ್ಟರು ಬಾವನ್ನಲ್ಲ, ಧೋತರವನ್ನು ನೋಡಿದರು.

“ಕಾಕಾ, ಹಿಂಡಾಕ ಕುಂತಾಗ ಏನ್ ಉಟ್ಟಿದ್ರಿ?”

“ಇದ. ಮತ್ತೇನು?”

“ಅದಕ್ಕ ಒದ್ದೈತಿ. ನಮ್ಮ ಕಡೆ ಇಂಥಾ ಎಮ್ಮಿ ಇದ್ರ ಗಂಡಸ್ರು ಹೆಂಡ್ತಿ ಉಟ್ಟ ಸೀರಿ ಉಟ್ಕೊಂಡು ಹಿಂಡ್ತಾರ. ಎಮ್ಮಿ ವಾಸನಿ ಹಿಡಿತೈತಿ, ಮೀಸಿ ನೋಡಂಗಿಲ್ಲ.”

ಗಂಡ ಕೆಂಪಗಾದ. “ಓಣ್ಯಾಗ ನಾ ತಲಿ ಎತ್ತಿ ತಿರಗಬೇಕೋ ಬ್ಯಾಡೋ?” ಮೈದುನ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಆಕೆಯೇ ಗಂಡನ ಪರ ವಹಿಸಿದಳು, “ಬ್ಯಾಡ ಬಿಡ್ರಿ ಅಕ್ಕಾರ. ಅವ್ರಿಗೆ ಯಾಕ ಆ ಮಾನಗೇಡು. ನಂಗೇನಾಗಂಗಿಲ್ಲ.” ಹಾಗೆನ್ನುತ್ತಲೇ ಮೇವಿನ ಸಿವುಡು ಎತ್ತಿದವಳು ಅರ್ಧಕ್ಕೆ ನಿಂತು, ಗೂಟ ಹಿಡಿದು, ದವಡೆ ಒತ್ತಿಕೊಂಡಳು.

ಸಿಸ್ಟರು ಆಕೆಯನ್ನು ಕೂರಿಸಿ ನಾಲಗೆಯ ಕೆಳಗೆ ಗುಳಿಗೆ ಇಟ್ಟರು. ನೋವು ಇಳಿಯುವವರೆಗೆ ಗಂಡ ಆಕೆಯ ಮುಖವನ್ನೇ ನೋಡುತ್ತ ನಿಂತಿದ್ದ. ಕಟ್ಟೆಯ ಮೇಲಿನಿಂದ ಮಾವನ ದನಿ ಬಂತು:

“ಉಡಪಾ. ಆಕಿ ಹೋದ ಮ್ಯಾಲೆ ಸೀರಿ ಇಟ್ಕೊಂಡು ಏನ್ ಮಾಡ್ತಿ?”

ಗಂಡ ಮನೆಯೊಳಗೆ ಹೊರಟು, ತಿರುಗಿ ನಿಂತ. ಆಮೇಲೆ ಹೆಂಡತಿಯನ್ನು ಕೇಳಿದ, “ಯಾವ ಸೀರಿ?”

ಅದೇ ಗಾಡಿಯಲ್ಲಿ ಆಕೆಯನ್ನು ಕರೆದುಕೊಂಡು ಬಂದೆವು. ಮರುದಿನ ಆಂಜಿಯೋಗ್ರಾಮಿನಲ್ಲಿ ಮುಖ್ಯ ನಾಳವೊಂದು ನೂಲಿನಷ್ಟೇ ಉಳಿದಿತ್ತು. ಮಣಿಕಟ್ಟಿನ ಮೂಲಕವೇ ಒಳಗೆ ಹೋಗಿ ಸ್ಟೆಂಟ್ ಹಾಕಿದೆ. ರಕ್ತ ಧಾರಾಳವಾಗಿ ಹರಿಯಿತು. ಪರದೆಯ ಮೇಲೆ ಅದನ್ನು ನೋಡುವ ಸಂತೋಷ ಇಷ್ಟು ವರ್ಷವಾದರೂ ನನಗೆ ಹಳೆಯದಾಗಿಲ್ಲ.

ಸಂಜೆ ವಾರ್ಡಿನಿಂದ ಕರೆ ಬಂತು. ಆಕೆಯ ನಾಡಿ ಏರುತ್ತಿದೆ, ಬಿ.ಪಿ.ಯೂ ಏರುತ್ತಿದೆ. ಓಡಿದೆ. ನೋವಿಲ್ಲ, ಇ.ಸಿ.ಜಿ. ಸರಿಯಾಗಿದೆ, ಕೈಯಲ್ಲಿ ರಕ್ತಸ್ರಾವವಿಲ್ಲ. ಕಾರಣ ಹುಡುಕುತ್ತ ನಿಂತಾಗ ಸಿಸ್ಟರು ಗಡಿಯಾರ ತೋರಿಸಿದರು. “ಎಮ್ಮಿ ಹಿಂಡೂ ಹೊತ್ತು, ಸರ್.”

ವಾರ್ಡಿನಲ್ಲಿ ಮೊಬೈಲ್ ನಿಷಿದ್ಧ ಎಂಬ ಬೋರ್ಡು ಎದುರಿಗೇ ಇತ್ತು. ಬರೆಸಿದವನು ನಾನೇ. ಅದನ್ನು ಇನ್ನೊಮ್ಮೆ ಓದಿದೆ. ರೋಗಿಗಳಿಗೆ ಮತ್ತು ಸಂಬಂಧಿಕರಿಗೆ ಎಂದಿತ್ತು, ಡಾಕ್ಟರಿಗೆ ಎಂದಿರಲಿಲ್ಲ. ನನ್ನ ಫೋನಿನಿಂದಲೇ ಮೈದುನನಿಗೆ ವಿಡಿಯೋ ಕರೆ ಮಾಡಿ, ಆಕೆಯ ಮುಖದೆದುರು ಹಿಡಿದು ನಿಂತೆ.

ಕೊಟ್ಟಿಗೆ ಕಂಡಿತು. ಎಮ್ಮೆ ಕಂಡಿತು. ಎಮ್ಮೆಯ ಪಕ್ಕ ಹಸಿರು ಸೀರೆ ಉಟ್ಟು, ಬಕೆಟ್ಟು ಮೊಣಕಾಲ ನಡುವೆ ಇಟ್ಟುಕೊಂಡು ದೊಡ್ಡ ಮೀಸೆಯ ಗೃಹಸ್ಥ ಕೂತಿದ್ದ. ಹಿಂದೆ ಕಟ್ಟೆಯ ಮೇಲೆ ಮುದುಕರು. ನಾನು ಏನೋ ಸಮಾಧಾನದ ಮಾತು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಆಕೆ ಹಾಸಿಗೆಯಿಂದ ಚೀರಿದಳು:

“ಅಯ್ಯ, ಬರೇ ತಲೀಲೆ ಕುಂತೀರಲ್ರಿ! ಸೆರಗು ಹೊತ್ಕೋರಿ, ಮಾವಾರು ಅಲ್ಲೇ ಅದಾರ!”

ಆತ ಗಡಬಡಿಸಿ ಸೆರಗು ಹೊತ್ತುಕೊಂಡ. ಎಮ್ಮೆ ತಿರುಗಿ ಒಮ್ಮೆ ಮೂಸಿತು. ಆಕೆ ಫೋನಿನೊಳಗೆ “ಬಾ ನನ್ನವ್ವ, ಬಿಡ ನನ್ನ ತಾಯಿ” ಎಂದು ಸಣ್ಣಗೆ ಹೇಳುತ್ತಿದ್ದಳು. ಬಕೆಟ್ಟಿಗೆ ಜೊರ್ ಎಂದು ಹಾಲು ಬಿದ್ದ ಸದ್ದು ಕೇಳಿತು. ಮಾನಿಟರಿನ ಮೇಲೆ ನಾಡಿ ಮೆಟ್ಟಿಲಿಳಿದಂತೆ ಇಳಿಯಿತು. ಅದು ಸರಿಹೋಗುವವರೆಗೆ ನಾನು ಕೈ ಅಲುಗಿಸಲಿಲ್ಲ. ನನ್ನ ಬೋರ್ಡಿನ ಕೆಳಗೇ ಫೋನ್ ಹಿಡಿದು ನಿಂತಿದ್ದೆ.

ಮನೆಗೆ ಕಳಿಸುವಾಗ ಗಂಡ ಹೆಂಡತಿ ಇಬ್ಬರಿಗೂ ಸ್ಪಷ್ಟವಾಗಿ ಹೇಳಿದೆ: ರಕ್ತ ತೆಳುವಾಗಿಡುವ ಈ ಗುಳಿಗೆ ಜೀವನಪೂರ್ತಿ, ಒಂದು ದಿನವೂ ತಪ್ಪಬಾರದು, ಸ್ವಲ್ಪ ದಿನ ಭಾರ ಎತ್ತುವುದು, ಹಾಲು ಹಿಂಡುವುದು ಬೇಡ.

ಮುಂದೆ ಕುಷ್ಟಗಿಯ ಸರದಿ ಬಂದಾಗ ಆಕೆ ನಗುನಗುತ್ತ ಬಂದಳು. ಮುಖದಲ್ಲಿ ಕಳೆ ಬಂದಿತ್ತು. ಹೊಲದ ತನಕ ನಡೆದು ಹೋಗಿ ಬಂದೆ, ಎಲ್ಲಿಯೂ ಹಿಡಿಯಲಿಲ್ಲ ಎಂದಳು. ಇನ್ನು ಹಾಲು ಹಿಂಡಬಹುದು, ಅಡ್ಡಿಯಿಲ್ಲ ಎಂದೆ. ಆಕೆ ಗಂಡನ ಕಡೆ ಒಮ್ಮೆ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ಹೋದಳು.

ಗಂಡ ಅಲ್ಲೇ ಉಳಿದ. ಬಾಗಿಲು ತಾನೇ ಹಾಕಿ, ಹತ್ತಿರ ಬಂದು, ದನಿ ತಗ್ಗಿಸಿದ.

“ಒಂದು ಫಜೀತಿ ಆಗೇತ್ರಿ ಸಾಹೇಬ್ರ. ಈಗ ಎಮ್ಮಿ ನಂಗ ರೂಢಿ ಆಗೇತಿ. ಆಕಿ ಹಿಂಡಾಕ ಕುಂತ್ರ ಒದಿತೈತಿ. ನಾ ಆ ಹಸರ ಸೀರಿ ಉಟ್ಟು ಬಂದ್ರ ಮಾತ್ರ ಸುಮ್ಮ ನಿಂದರತೈತಿ.”

“ಸರಿ. ಅದಕ್ಕೆ ನಾನೇನು ಮಾಡಲಿ?”

“ಏನಿಲ್ರಿ, ನೀವು ಎಲ್ಲಾ ನಿಯಮದ ಪ್ರಕಾರ ಹೇಳೋರು, ಅದಕ್ಕ ಕೇಳಾಕತ್ತೀನಿ. ಆಕಿ ಗುಳಿಗಿ ಜೀವನಪೂರ್ತಿ ಅಂದ್ರಿ, ಆತು. ನನ್ನ ಸೀರಿ ಎಷ್ಟು ದಿನಾರಿ?”